ಸ್ನೂಕರ್: ಲೇಸರಿಗೆ ದುಡ್ಡು ಹಾಕುವುದೋ, ಕೋಚ್‌ಗೆ ಕೊಡುವುದೋ?

ಪ್ರಶ್ನೆ: ನಾಲ್ಕು ವರ್ಷದಿಂದ ಸ್ನೂಕರ್ ಆಡುತ್ತಿದ್ದೇನೆ. ಇದುವರೆಗಿನ ದೊಡ್ಡ ಬ್ರೇಕ್, ಅಂದರೆ ಒಂದೇ ಸರದಿಯಲ್ಲಿ ಗಳಿಸಿದ ಅಂಕ, 38. ಗುರಿ ಸರಿಮಾಡಿಕೊಳ್ಳೋಣವೆಂದು ಕ್ಯೂಗೆ (ಹೊಡೆಯುವ ಕೋಲಿಗೆ) ಸಿಕ್ಕಿಸುವ ಲೇಸರ್ ತಂದೆ. ಚೆಂಡಿನ ಹಿಂದೆ ಬಟ್ಟೆಯ ಮೇಲೆ ಇಡುವ ತೆಳ್ಳನೆಯ ಬಿಲ್ಲೆಯೂ ಇದೆ. ಅವನ್ನಿಟ್ಟುಕೊಂಡು ಅಭ್ಯಾಸ ಮಾಡುವಾಗ ಚೆಂಡು ಚೆನ್ನಾಗಿ ಬೀಳುತ್ತದೆ. ಫ್ರೇಮ್, ಅಂದರೆ ಒಂದು ಪೂರ್ತಿ ಆಟ, ಆಡಲು ನಿಂತರೆ ಮತ್ತೆ ಅದೇ ಕಥೆ. ಇಂಥ ಸಾಧನಗಳಿಂದ ನಿಜಕ್ಕೂ ಆಟ ಸುಧಾರಿಸುತ್ತದೆಯೇ? ಅಥವಾ ಕೋಚ್ ಹುಡುಕುವುದೇ ಒಳ್ಳೆಯದೇ?

ಉತ್ತರ: ಕೋಚ್ ಹುಡುಕಿ. ಲೇಸರ್ ಡಬ್ಬಿಯಲ್ಲೇ ಇರಲಿ. ಬಿಲ್ಲೆಯನ್ನು ಮಾತ್ರ ಎಸೆಯಬೇಡಿ. ಅದಕ್ಕೆ ಬೇರೊಂದು ಕೆಲಸವಿದೆ, ಆಮೇಲೆ ಹೇಳುತ್ತೇನೆ.

ಒಂದು ಚೆಂಡು ಪಾಕೆಟ್‌ಗೆ ಬೀಳಬೇಕಾದರೆ ಮೂರು ಕೆಲಸ ಸರಿಯಾಗಬೇಕು. ಬಿಳಿ ಚೆಂಡು ಯಾವ ಗೆರೆಯಲ್ಲಿ ಹೋಗಬೇಕೆಂದು ಕಣ್ಣಿಗೆ ಕಾಣಬೇಕು. ಆ ಗೆರೆಯ ಮೇಲೆ ಮೈ ನಿಲ್ಲಬೇಕು. ಆಮೇಲೆ ಕ್ಯೂ ಅದೇ ಗೆರೆಯಲ್ಲಿ ನೆಟ್ಟಗೆ ಚಲಿಸಬೇಕು. ಅಂಗಡಿಯಲ್ಲಿ ಸಿಗುವ ಗುರಿಯ ಸಾಧನಗಳಲ್ಲಿ ಹೆಚ್ಚಿನವು ಮುಟ್ಟುವುದು ಮೊದಲನೆಯದನ್ನು ಮಾತ್ರ. ನಾಲ್ಕು ವರ್ಷ ಆಡಿದವರಿಗೆ ಸಾಮಾನ್ಯವಾಗಿ ಕೈಕೊಡುವುದು ಎರಡನೆಯದು ಮತ್ತು ಮೂರನೆಯದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ, ಹೊಡೆತ ಡೊಂಕಾದವರು ಗುರಿಗೆ ಮದ್ದು ಹುಡುಕುತ್ತಾ ಕೂರುತ್ತಾರೆ.

ಮೊದಲು ಆ ಬಿಲ್ಲೆ ಏನು ಹೇಳಿಕೊಡುತ್ತದೆ ನೋಡೋಣ. ಪಾಕೆಟ್‌ನಿಂದ ಕೆಂಪು ಚೆಂಡಿನ ನಡುವಿನ ಮೂಲಕ ಒಂದು ಗೆರೆ ಎಳೆದು ಹಿಂದಕ್ಕೆ ಬನ್ನಿ. ಆ ಗೆರೆ ಚೆಂಡಿನ ಹಿಂಬದಿಯಲ್ಲಿ ಹೊರಬರುವ ಜಾಗವೇ ಬಿಳಿ ಚೆಂಡು ತಾಗಬೇಕಾದ ಜಾಗ. ಹೊಸಬರು ಸೀದಾ ಆ ಚುಕ್ಕೆಗೇ ಗುರಿ ಇಟ್ಟು ಹೊಡೆಯುತ್ತಾರೆ, ಬಿಳಿ ಥಿಕ್ ಆಗಿ, ಅಂದರೆ ಬೇಕಾದ್ದಕ್ಕಿಂತ ಹೆಚ್ಚು ನಡುವಿಗೆ ತಾಗಿ, ಕೆಂಪು ಪಾಕೆಟ್‌ನ ಪಕ್ಕ ಬಡಿಯುತ್ತದೆ. ಯಾಕೆಂದರೆ ಬಿಳಿ ಚೆಂಡೇನು ಸೂಜಿಯ ಮೊನೆಯಲ್ಲ, 52.5 ಮಿಲಿಮೀಟರ್ ಅಗಲದ ಗುಂಡು. ಎರಡೂ ಚೆಂಡು ತಾಗುವ ಹೊತ್ತಿಗೆ ಬಿಳಿಯದರ ನಡು ಕೆಂಪಿನ ನಡುವಿನಿಂದ ಸರಿಯಾಗಿ 52.5 ಮಿಲಿಮೀಟರ್ ಹಿಂದಿರುತ್ತದೆ. ಗುರಿ ಇಡಬೇಕಾದದ್ದು ಅಲ್ಲಿಗೆ. ಆಟಗಾರರು ಇದನ್ನೇ ಗೋಸ್ಟ್ ಬಾಲ್ ಅನ್ನುತ್ತಾರೆ, ಇಲ್ಲದ ಚೆಂಡೊಂದು ಅಲ್ಲಿದೆ ಅಂದುಕೊಂಡು ಅದರ ಜಾಗಕ್ಕೆ ಬಿಳಿಯನ್ನು ಕಳಿಸುವುದು. ಬಿಲ್ಲೆ ಆ ಇಲ್ಲದ ಚೆಂಡನ್ನು ಕಣ್ಣಿಗೆ ಕಾಣಿಸುತ್ತದೆ. ತಾಗುವ ಜಾಗವೇ ಬೇರೆ, ಗುರಿ ಇಡುವ ಜಾಗವೇ ಬೇರೆ ಎಂಬುದು ತಲೆಗೆ ಹೋಗಲು ಹೊಸಬರಿಗೆ ಇದಕ್ಕಿಂತ ಒಳ್ಳೆಯ ಸಾಧನ ನಾನು ಕಂಡಿಲ್ಲ. ಎರಡು ವಾರ ಸಾಕು.

ಇನ್ನು ಕೆಲವರು ಬಿಳಿ ಕೆಂಪನ್ನು ಎಷ್ಟು ಪಾಲು ಮುಚ್ಚಿ ತಾಗುತ್ತದೆಂದು ನೋಡುತ್ತಾರೆ: ಫುಲ್ ಬಾಲ್, ಮುಕ್ಕಾಲು, ಹಾಫ್ ಬಾಲ್, ಕಾಲು. ಬಿಳಿಯ ನಡುವನ್ನು ಕೆಂಪಿನ ಅಂಚಿಗೆ ನೇರ ಮಾಡಿ ಹೊಡೆದರೆ ಅದು ಹಾಫ್ ಬಾಲ್, ಕೆಂಪು 30 ಡಿಗ್ರಿ ಓರೆಗೆ ಹೋಗುತ್ತದೆ. ಮುಕ್ಕಾಲಿಗೆ ಸುಮಾರು 14.5 ಡಿಗ್ರಿ, ಕಾಲಿಗೆ 48.6. ಹಾಫ್ ಬಾಲ್‌ಗೆ ಹಿಡಿಯಲು ಒಂದು ಅಂಚು ಸಿಗುತ್ತದೆ, ಹಾಗಾಗಿ ಅದನ್ನು ಗಟ್ಟಿಮಾಡಿಕೊಂಡರೆ ಮಿಕ್ಕ ಕೋನಗಳನ್ನು ಅದರ ಆಚೀಚೆ ಅಳೆಯಬಹುದು.

ಇಷ್ಟೆಲ್ಲ ಲೆಕ್ಕ ಸರಿಯಿದ್ದೂ ಚೆಂಡು ತಪ್ಪುತ್ತದೆ. ಒಂದು ಕಾರಣ ಚೆಂಡುಗಳ ನಡುವಿನ ತಿಕ್ಕಾಟ. ಓರೆಯಾಗಿ ತಾಗಿದಾಗ ಬಿಳಿ ಚೆಂಡು ಕೆಂಪನ್ನು ತಾನು ಹೋಗುತ್ತಿರುವ ಕಡೆಗೆ ಒಂದಿಷ್ಟು ಎಳೆದೊಯ್ಯುತ್ತದೆ. ಇದಕ್ಕೆ ಥ್ರೋ ಎನ್ನುತ್ತಾರೆ. ಮೆಲ್ಲಗೆ ಹೊಡೆದರೆ ಹೆಚ್ಚು, ಚೆಂಡಿನ ಮೇಲೆ ಕೊಳೆ, ಚಾಕ್ ಪುಡಿ ಕೂತಿದ್ದರೆ ಇನ್ನೂ ಹೆಚ್ಚು. ಒಂದೇ ಒಂದು ಡಿಗ್ರಿ ಎಳೆದರೂ 1.8 ಮೀಟರ್ ಆಚೆಯ ಪಾಕೆಟ್ ಬಳಿ ಅದು 31 ಮಿಲಿಮೀಟರ್ ಆಗುತ್ತದೆ, ಅಂದರೆ ಚೆಂಡು ಬೀಳುವುದಿಲ್ಲ. ಬಿಲ್ಲೆಗೆ ಇದ್ಯಾವುದೂ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ರೇಖಾಗಣಿತ ಮಾತ್ರ. ಅನುಭವಿ ಆಟಗಾರರು ಮೆಲ್ಲನೆಯ ಶಾಟಿಗೆ ತಮಗೇ ತಿಳಿಯದಂತೆ ಸ್ವಲ್ಪ ಥಿನ್ ಆಗಿ, ಅಂದರೆ ಅಂಚಿನ ಕಡೆಗೆ ತಾಗುವಂತೆ, ಹೊಡೆಯುತ್ತಾರೆ. ಮೊಬೈಲ್ ಆಟಗಳಲ್ಲಿ ಚುಕ್ಕೆಗೆರೆ ನೋಡಿ ಕಲಿತವರು ನಿಜವಾದ ಟೇಬಲ್ ಮುಂದೆ ಮೊದಲು ಎಡವುವುದು ಇಲ್ಲೇ.

ಎರಡನೆಯ ಕಾರಣ ದೊಡ್ಡದು. ಪಾಕೆಟ್ 1.8 ಮೀಟರ್ ದೂರವಿದೆ, ಒಳಹೋಗಲು ಆಚೆಗೆ 15 ಮಿಲಿಮೀಟರ್, ಈಚೆಗೆ 15 ಮಿಲಿಮೀಟರ್ ಜಾಗವಿದೆ ಅಂದುಕೊಳ್ಳಿ. ನೇರ ಶಾಟಿನಲ್ಲೂ ಬಿಳಿ ಚೆಂಡು ಕೆಂಪನ್ನು ತಲುಪುವ ಹೊತ್ತಿಗೆ ತನ್ನ ಗೆರೆಯಿಂದ ಅರ್ಧ ಮಿಲಿಮೀಟರ್ ಕೂಡ ಸರಿದಿರಬಾರದು. ಗುರಿ ಅಷ್ಟು ಖಚಿತವಾಗಿದ್ದು ಏನು ಪ್ರಯೋಜನ, ಹಿಂದಿನ ಮೊಣಕೈ ಹೊಡೆಯುವ ಕ್ಷಣದಲ್ಲಿ ಒಳಕ್ಕೆ ಬಾಗಿದರೆ? ಟಿಪ್, ಅಂದರೆ ಕ್ಯೂನ ತುದಿ, ಬಿಳಿಯ ನಡು ಬಿಟ್ಟು ಪಕ್ಕಕ್ಕೆ ತಾಗುತ್ತದೆ. ಬೇಡದ ಸೈಡ್, ಅಂದರೆ ಪಕ್ಕಕ್ಕೆ ತಿರುಗುವ ಸ್ಪಿನ್, ಸೇರುತ್ತದೆ. ಚೆಂಡು ಮೊದಲು ಎದುರು ಪಕ್ಕಕ್ಕೆ ತಳ್ಳಿಸಿಕೊಂಡು, ಆಮೇಲೆ ಬಟ್ಟೆಯ ಮೇಲೆ ತಿರುವಿಕೊಂಡು ಹೋಗುತ್ತದೆ. ಲೇಸರ್ ತೋರಿಸುವುದು ಕ್ಯೂ ನಿಂತಿದ್ದಾಗ ಎತ್ತ ಮುಖ ಮಾಡಿತ್ತು ಎಂಬುದನ್ನು. ಅದು ಹೊರಟ ಮೇಲೆ ಎತ್ತ ಹೋಯಿತೆಂಬ ಚಿಂತೆ ಅದಕ್ಕಿಲ್ಲ. ಅದಕ್ಕಿಂತ ಕೆಟ್ಟದ್ದು, ನಿಮ್ಮ ಕಣ್ಣು ಚೆಂಡು ಬಿಟ್ಟು ಲೇಸರಿನ ಚುಕ್ಕೆಯ ಹಿಂದೆ ಅಲೆಯಲು ಕಲಿಯುತ್ತದೆ.

ಹಾಗಾದರೆ ಸಾಧನ ಇಟ್ಟುಕೊಂಡಾಗ ಚೆಂಡು ಬೀಳುವುದೇಕೆ? ನನ್ನ ಅನುಮಾನ, ನೀವು ಒಂದೇ ಶಾಟನ್ನು ಮತ್ತೆ ಮತ್ತೆ ಹೊಡೆಯುತ್ತಿದ್ದೀರಿ. ಬಿಲ್ಲೆ ಇಟ್ಟವರೆಲ್ಲ ಮಾಡುವುದು ಹಾಗೇ, ನಾನೂ ಒಂದು ಮಳೆಗಾಲ ಪೂರ್ತಿ ಅದನ್ನೇ ಮಾಡಿದ್ದೆ. ಮೂರನೆಯ ಹೊಡೆತಕ್ಕೆ ಮೈ ಆ ಕೋನವನ್ನು ನೆನಪಿಟ್ಟುಕೊಂಡಿರುತ್ತದೆ, ಎಂಟನೆಯದಕ್ಕೆ ಕಣ್ಣು ಮುಚ್ಚಿದರೂ ಬೀಳುತ್ತದೆ. ಫ್ರೇಮ್‌ನಲ್ಲಿ ಒಂದೇ ಶಾಟ್ ಎರಡು ಸಲ ಬರುವುದಿಲ್ಲವಲ್ಲ. 1979ರಲ್ಲಿ ಶೇ ಮತ್ತು ಮಾರ್ಗನ್ ಎಂಬ ಸಂಶೋಧಕರು ಕೈಚಳಕ ಕಲಿಯುವವರ ಮೇಲೆ ಮಾಡಿದ ಪ್ರಯೋಗದಲ್ಲಿ ಕಂಡದ್ದೂ ಇದೇ: ಒಂದೇ ಕೆಲಸವನ್ನು ಸಾಲಾಗಿ ಮಾಡಿದವರು ಅಭ್ಯಾಸದಲ್ಲಿ ಮುಂದಿದ್ದರು, ಕಲಸುಮೇಲೋಗರ ಮಾಡಿ ಅಭ್ಯಾಸ ಮಾಡಿದವರಲ್ಲಿ ಕಲಿತದ್ದು ಹೆಚ್ಚು ಉಳಿಯಿತು. ಐದು ವರ್ಷದ ಮೇಲೆ, 1984ರಲ್ಲಿ, ಸಾಲ್ಮೋನಿ, ಷ್ಮಿಟ್ ಮತ್ತು ವಾಲ್ಟರ್ ಇನ್ನೊಂದು ಎಳೆ ಹಿಡಿದರು: ಪ್ರತಿ ಪ್ರಯತ್ನಕ್ಕೂ ಹೊರಗಿನಿಂದ ತಿದ್ದುವ ಸುಳಿವು ಸಿಗುತ್ತಿದ್ದರೆ ಕಲಿಯುವವರು ಆ ಸುಳಿವಿಗೇ ಒರಗಿಕೊಳ್ಳುತ್ತಾರೆ, ಅದನ್ನು ತೆಗೆದ ದಿನ ಆಟ ಕುಸಿಯುತ್ತದೆ. ನೀವು ಬರೆದದ್ದು ಇದರ ತದ್ರೂಪು.

ಪಂದ್ಯದಲ್ಲಂತೂ ಸಾಧನವನ್ನು ತೆಗೆಯಲೇಬೇಕು. ಯಾವುದೇ ವಸ್ತುವಿನಿಂದ ಚೆಂಡುಗಳ ನಡುವಿನ ಸಂದು ಅಥವಾ ದೂರ ಅಳೆದರೆ ಅದು ಫೌಲ್, ದಂಡ 7 ಅಂಕ. ಟೇಬಲ್‌ನಿಂದ ಹೊರಗಿರುವ ಚೆಂಡನ್ನು ಯಾವ ಕೆಲಸಕ್ಕೆ ಬಳಸಿದರೂ ಅಷ್ಟೇ ದಂಡ.

ಎಲ್ಲ ಸಾಧನವೂ ಊರುಗೋಲಲ್ಲ ಎಂಬುದನ್ನೂ ಹೇಳಬೇಕು. ಕಣ್ಣಿಗೆ ಸಂಬಂಧಿಸಿದವು ಬೇರೆ ಜಾತಿಯವು. 1985ರ ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಸ್ಟೀವ್ ಡೇವಿಸ್ ಅವರನ್ನು ಕೊನೆಯ ಫ್ರೇಮ್‌ನ ಕೊನೆಯ ಕಪ್ಪು ಚೆಂಡಿನಲ್ಲಿ, 18-17ರಿಂದ ಸೋಲಿಸಿದ ಡೆನಿಸ್ ಟೇಲರ್ ತಲೆಕೆಳಗಾದಂತೆ ಕಾಣುವ ದೊಡ್ಡ ಕನ್ನಡಕ ಹಾಕುತ್ತಿದ್ದರು. ಜನ ನಕ್ಕರು. ಆದರೆ ಕೆಳಗೆ ಬಗ್ಗಿ ಗದ್ದವನ್ನು ಕ್ಯೂಗೆ ತಾಗಿಸಿದಾಗ ಸಾಮಾನ್ಯ ಕನ್ನಡಕದಲ್ಲಿ ನೋಟ ಮೇಲಿನ ಚೌಕಟ್ಟಿಗೆ ಬಂದು ನಿಲ್ಲುತ್ತದೆ, ಟೇಲರ್ ಅವರದ್ದರಲ್ಲಿ ಗಾಜಿನ ನಡುವಿನಿಂದಲೇ ಹೋಗುತ್ತಿತ್ತು. ನಿಮಗೆ ಕನ್ನಡಕವಿದ್ದರೆ ಮೊದಲ ಖರ್ಚು ಅದಕ್ಕೇ ಮಾಡಿ, ಮಿಕ್ಕದ್ದೆಲ್ಲ ಆಮೇಲೆ. 1927ರಿಂದ 1946ರವರೆಗೆ ಹದಿನೈದು ಸಲ ವಿಶ್ವ ಪಟ್ಟ ಗೆದ್ದ ಜೋ ಡೇವಿಸ್ ಅವರಿಗೆ ಬಲಗಣ್ಣು ಸರಿಯಾಗಿ ಕಾಣುತ್ತಿರಲಿಲ್ಲ, ಕ್ಯೂ ಎಡಗಣ್ಣಿನ ಕೆಳಗೇ ಓಡುತ್ತಿತ್ತು. ಕ್ಯೂ ಗದ್ದದ ನಟ್ಟನಡುವೆಯೇ ಇರಬೇಕೆಂದು ಎಲ್ಲರಿಗೂ ಒಂದೇ ಪಾಠ ಹೇಳುವವರು ಇದನ್ನು ಮರೆಯುತ್ತಾರೆ.

ಎರಡನೆಯ ಕೆಲಸ, ಗೆರೆಯ ಮೇಲೆ ಮೈ ನಿಲ್ಲಿಸುವುದು, ಶುರುವಾಗುವುದೂ ಕಣ್ಣಿನಿಂದಲೇ. ನಿಂತು ನೋಡಿದಾಗ ಕಂಡ ಗೆರೆ ಬಗ್ಗಿದ ಮೇಲೆ ಬೇರೆಯಾಗಿ ಕಂಡರೆ ನಾವು ಅರಿವಿಲ್ಲದೆ ಕ್ಯೂವನ್ನು ತಿರುಗಿಸಿ ಸರಿಮಾಡಲು ಹೋಗುತ್ತೇವೆ, ಅಲ್ಲಿಂದ ಎಲ್ಲವೂ ಡೊಂಕು. ಸ್ಟೀಫನ್ ಫೀನಿ ಎಂಬ ಕೋಚ್ ಇದೊಂದನ್ನೇ ಹಿಡಿದು ಸೈಟ್‌ರೈಟ್ ಎಂಬ ಪದ್ಧತಿ ಕಟ್ಟಿದರು. 2017ರಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ ಮುಖ್ಯ ಸುತ್ತಿಗೂ ಅರ್ಹತೆ ಸಿಗದೆ ಆಟ ಬಿಡುವ ಯೋಚನೆಯಲ್ಲಿದ್ದ ಮಾರ್ಕ್ ವಿಲಿಯಮ್ಸ್ ಫೀನಿ ಜೊತೆ ಕೆಲಸ ಮಾಡಿ, 2018ರಲ್ಲಿ 43ನೇ ವಯಸ್ಸಿಗೆ ಜಾನ್ ಹಿಗಿನ್ಸ್ ಅವರನ್ನು 18-16ರಿಂದ ಸೋಲಿಸಿ ಮೂರನೆಯ ಸಲ ವಿಶ್ವ ಚಾಂಪಿಯನ್ ಆದರು. ಸಾಧನ ಮಾರುವವರು ಇಂಥ ಕಥೆಯನ್ನು ತಮ್ಮ ಜಾಹೀರಾತಿಗೆ ಎಳೆದುಕೊಳ್ಳುತ್ತಾರೆ. ಆದರೆ ವಿಲಿಯಮ್ಸ್ ಅದಾಗಲೇ ಎರಡು ಸಲ ಗೆದ್ದವರು, ಜೊತೆಗೆ ಪಕ್ಕದಲ್ಲಿ ನಿಂತು ತಿದ್ದುವ ಒಬ್ಬ ಮನುಷ್ಯನೂ ಇದ್ದ. ಅಭ್ಯಾಸಕ್ಕೆಂದು ಮಾರುವ ಬರೀ ಪಟ್ಟೆ ಎಳೆದ ಚಾಪೆ ಅಷ್ಟು ಮಾಡುತ್ತಿರಲಿಲ್ಲ.

ಕೋಚ್ ಬೇಕಾಗುವುದು ಇದಕ್ಕೇ. ನಮ್ಮ ಹೊಡೆತ ನಮಗೆ ಕಾಣುವುದಿಲ್ಲ. ಬಗ್ಗಿದಾಗ ಕಾಣುವುದು ಕ್ಯೂನ ಮುಂದಿನ ಒಂದಡಿ, ಚೆಂಡು, ಪಾಕೆಟ್. ಮೊಣಕೈ, ಭುಜ, ಹಿಂದಿನ ಕಾಲು, ಹೊಡೆಯುವ ಮೊದಲೇ ಏಳುವ ತಲೆ ಎಲ್ಲವೂ ನಮ್ಮ ಬೆನ್ನ ಹಿಂದಿನ ವ್ಯವಹಾರ. ಆರು ಸಲ ವಿಶ್ವ ಚಾಂಪಿಯನ್ ಆದ ಸ್ಟೀವ್ ಡೇವಿಸ್ ಮತ್ತು ಏಳು ಸಲ ಆದ ಸ್ಟೀಫನ್ ಹೆಂಡ್ರಿ ಇಬ್ಬರೂ ಫ್ರಾಂಕ್ ಕ್ಯಾಲನ್ ಎಂಬ ಕೋಚ್ ಮುಂದೆ ನಿಂತು ತಿದ್ದಿಸಿಕೊಂಡವರು. ಪಂಕಜ್ ಅಡ್ವಾಣಿ ಅವರನ್ನು ಚಿಕ್ಕಂದಿನಿಂದ ತಿದ್ದಿದವರು ಅರವಿಂದ್ ಸವೂರ್. ರಾನಿ ಓಸಲ್ಲಿವನ್ 2011ರಲ್ಲಿ ಹೋದದ್ದು ಮನೋವೈದ್ಯ ಸ್ಟೀವ್ ಪೀಟರ್ಸ್ ಬಳಿಗೆ. ಮುಂದಿನ ಎರಡು ವರ್ಷವೂ, 2012 ಮತ್ತು 2013ರಲ್ಲಿ, ಅವರು ವಿಶ್ವ ಪಟ್ಟ ಗೆದ್ದರು. ಅಲ್ಲಿ ತಿದ್ದಬೇಕಾಗಿದ್ದದ್ದು ಕ್ಯೂ ಅಲ್ಲ, ತಲೆ. ನೋಡಿದರೇ ತಿಳಿಯುತ್ತದೆ, ಒಳ್ಳೆಯ ಕಣ್ಣುಳ್ಳವರು ಮೊದಲು ಕಾಯಿಲೆ ಎಲ್ಲಿದೆಯೆಂದು ಹುಡುಕುತ್ತಾರೆ.

ಆದರೂ ಎಚ್ಚರ. ಮೊದಲ ದಿನವೇ ನಿಲುವು, ಹಿಡಿತ, ಬ್ರಿಡ್ಜ್ (ಕ್ಯೂಗೆ ಆಸರೆಯಾಗುವ ಮುಂದಿನ ಕೈ) ಎಲ್ಲವನ್ನೂ ಒಟ್ಟಿಗೆ ಬದಲಿಸಲು ಹೊರಟವರಿಂದ ದೂರವಿರಿ. ತಾನು ಆಡುವಂತೆಯೇ ನೀವೂ ಆಡಬೇಕೆನ್ನುವವರಿಂದಲೂ. ಹೊಡೆಯುವಾಗ ಮೈಯೆಲ್ಲ ಅಲುಗಿಸುತ್ತಿದ್ದ ಅಲೆಕ್ಸ್ ಹಿಗಿನ್ಸ್ 1972 ಮತ್ತು 1982ರಲ್ಲಿ ವಿಶ್ವ ಚಾಂಪಿಯನ್ ಆದರು. ಪುಸ್ತಕದ ಪ್ರಕಾರ ಅವರು ಚೆಂಡೇ ತಾಗಿಸಬಾರದಿತ್ತು. ಇನ್ನೊಂದು ಮಾತು: ನಾಲ್ಕು ವರ್ಷದ ಅಭ್ಯಾಸ ಬದಲಿಸುವಾಗ ಆಟ ಮೊದಲು ಕೆಡುತ್ತದೆ. ಬೀಳುತ್ತಿದ್ದ ಚೆಂಡೂ ಬೀಳುವುದಿಲ್ಲ. ಹೆಚ್ಚಿನವರು ಓಡಿಹೋಗುವುದು ಆ ವಾರಗಳಲ್ಲೇ, ಹೋಗುವಾಗ ನೆಲ ಡೊಂಕು ಅನ್ನುತ್ತಾ ಹೋಗುತ್ತಾರೆ.

38ರ ಬ್ರೇಕ್ ಎಂದಿರಿ. ಅಷ್ಟು ಮಾಡಿದವರಿಗೆ ಗುರಿ ತಿಳಿದಿಲ್ಲ ಎಂದರೆ ನಾನು ಒಪ್ಪುವುದಿಲ್ಲ. ಒಮ್ಮೆ ಯೋಚಿಸಿ, ನಿಮ್ಮ ಬ್ರೇಕ್‌ಗಳು ಮುರಿಯುವುದು ಸುಲಭದ ಚೆಂಡು ತಪ್ಪಿಯೋ, ಅಥವಾ ಬಿಳಿ ಚೆಂಡು ಎಲ್ಲೋ ಹೋಗಿ ನಿಂತು ಮುಂದಿನದು ಕಷ್ಟವಾಗಿಯೋ? ಎರಡನೆಯದಾದರೆ ಲೇಸರ್ ಇರಲಿ, ಗುರಿಯ ಕೋಚಿಂಗ್ ಕೂಡ ಪ್ರಯೋಜನವಿಲ್ಲ. ಪೊಸಿಷನ್ ಮತ್ತು ಶಾಟ್ ಆಯ್ಕೆ ಹೇಳಿಕೊಡುವವರು ಬೇಕು.

ಈಗ ಬಿಲ್ಲೆಯ ಕೆಲಸಕ್ಕೆ ಬರೋಣ. ಹತ್ತು ಬೇರೆ ಬೇರೆ ಶಾಟ್ ಇಟ್ಟುಕೊಳ್ಳಿ, ಒಂದೊಂದನ್ನೂ ಒಂದೇ ಸಲ ಹೊಡೆಯಿರಿ, ಬಿಲ್ಲೆಯಿಲ್ಲದೆ. ಆಮೇಲೆ ಅದೇ ಹತ್ತನ್ನು ಬಿಲ್ಲೆಯಿಟ್ಟು, ಅದೂ ಒಂದೊಂದೇ ಸಲ. ಎರಡು ಮೂರು ದಿನ ಮಾಡಿ ಲೆಕ್ಕ ಇಡಿ. ಬಿಲ್ಲೆಯಿಂದ ದೊಡ್ಡ ವ್ಯತ್ಯಾಸ ಕಾಣದಿದ್ದರೆ ಗುರಿಯನ್ನು ಬಿಟ್ಟು ಬೇರೆ ಕಡೆ ಹುಡುಕಿ. ತಪ್ಪುಗಳು ಯಾವಾಗಲೂ ಒಂದೇ ಪಕ್ಕಕ್ಕೆ ಬೀಳುತ್ತಿವೆಯೇ, ಆಚೀಚೆ ಚೆಲ್ಲಾಪಿಲ್ಲಿಯೇ ಎಂಬುದನ್ನೂ ಗಮನಿಸಿ. ಒಂದೇ ಪಕ್ಕವಾದರೆ ನೋಟ ಅಥವಾ ನಿಲುವಿನ ಮೇಲೆ ಅನುಮಾನ, ಚೆಲ್ಲಾಪಿಲ್ಲಿಯಾದರೆ ಹೊಡೆತದ ಮೇಲೆ.

ಹೊಡೆತಕ್ಕೆ ಹಳೆಯ ಪರೀಕ್ಷೆ ಒಂದಿದೆ, ಚಾಕ್‌ಗಿಂತ ಹೆಚ್ಚಿನ ಖರ್ಚಿಲ್ಲ. ಬಿಳಿ ಚೆಂಡನ್ನು ಬ್ರೌನ್ ಸ್ಪಾಟ್ (ಕಂದು ಚೆಂಡಿಡುವ ಗುರುತು) ಮೇಲಿಡಿ. ಬೇರೆ ಚೆಂಡು ಯಾವುದೂ ಬೇಡ. ಬ್ಲೂ, ಪಿಂಕ್, ಬ್ಲ್ಯಾಕ್ ಸ್ಪಾಟ್‌ಗಳ ಮೇಲಿಂದ ನೇರ ಮೇಲಿನ ಕುಷನ್‌ಗೆ, ಅಂದರೆ ಟೇಬಲ್‌ನ ಆಚೆ ತುದಿಯ ಅಂಚಿಗೆ, ಹೊಡೆದು, ಕ್ಯೂವನ್ನು ಹೊಡೆದು ನಿಂತ ಜಾಗದಲ್ಲೇ ಅಲುಗಿಸದೆ ಬಿಡಿ. ಐದೂವರೆ ಮೀಟರಿಗೂ ಹೆಚ್ಚು ದೂರ ಓಡಿ ಬಂದ ಚೆಂಡು ಟಿಪ್‌ಗೇ ತಾಗಬೇಕು. ಕುಷನ್ ತಾಗಿದ ಮೇಲೆ ಬಲಕ್ಕೆ ಸರಿದರೆ ಟಿಪ್ ಬಿಳಿಯ ಬಲಭಾಗಕ್ಕೆ ತಾಗಿದೆ, ಎಡಕ್ಕೆ ಸರಿದರೆ ಎಡಭಾಗಕ್ಕೆ. ಹಿಂದಿನಿಂದ ಮೊಬೈಲ್ ಇಟ್ಟು ವಿಡಿಯೊ ಮಾಡಿ. ಇಪ್ಪತ್ತು ಹೊಡೆತದಲ್ಲಿ ಎಷ್ಟು ಸಲ ಟಿಪ್‌ಗೆ ಬಂತು, ಎಷ್ಟು ಸಲ ಯಾವ ಪಕ್ಕಕ್ಕೆ ಹೋಯಿತು ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು, ಆ ಚೀಟಿ ಮತ್ತು ವಿಡಿಯೊ ಎರಡನ್ನೂ ಹಿಡಿದು ಕೋಚ್ ಬಳಿ ಹೋಗಿ. ಮೊದಲ ದಿನದ ಅರ್ಧ ಗಂಟೆ ಉಳಿಯುತ್ತದೆ.