ಮರದರಿಶಿನ: ಹೆಣ್ಣು ಬಳ್ಳಿಗಳ ಲೆಕ್ಕ ಬೇಕು

ಮರದರಿಶಿನದ ಕಾಂಡವನ್ನು ಹೊರಗಿನಿಂದ ನೋಡಿದರೆ ಕಾಡಿನ ಇತರ ದಪ್ಪ ಬಳ್ಳಿಗಳಿಗಿಂತ ಬೇರೆಯಾಗಿ ಕಾಣುವುದಿಲ್ಲ. ಅಡ್ಡಕ್ಕೆ ಕತ್ತರಿಸಿದಾಗ ಮಾತ್ರ ಅದರ ಗುರುತು ಸಿಗುತ್ತದೆ: ಒಳಗೆಲ್ಲ ಹಳದಿ, ನಡುವಿನಿಂದ ಅಂಚಿನವರೆಗೆ ಗಾಡಿಚಕ್ರದ ಅರಗಳಂತೆ ಹರಡಿದ ಗೆರೆಗಳು, ನಾಲಿಗೆಗೆ ತಾಗಿಸಿದರೆ ಕಡುಕಹಿ. ಬಣ್ಣಕ್ಕೂ ಕಹಿಗೂ ಮುಖ್ಯ ಕಾರಣ ಬರ್ಬೆರಿನ್ ಎಂಬ ರಾಸಾಯನಿಕ. ಬಳ್ಳಿಗೆ ಕುತ್ತು ತಂದಿರುವುದೂ ಅದೇ.

ಕಾಸಿನಿಯಮ್ ಫೆನೆಸ್ಟ್ರೇಟಮ್ ಎಂಬುದು ಇದರ ವೈಜ್ಞಾನಿಕ ಹೆಸರು. ಪಶ್ಚಿಮಘಟ್ಟ, ಶ್ರೀಲಂಕಾ ಮತ್ತು ಆಗ್ನೇಯ ಏಷ್ಯಾದ ಕಾಡುಗಳು ಇದರ ನೆಲೆ. ಆಯುರ್ವೇದದ ದಾರುಹರಿದ್ರಾ ಎಂದರೆ ಹಿಮಾಲಯದ ಒಂದು ಮುಳ್ಳುಪೊದೆ. ದಕ್ಷಿಣದಲ್ಲಿ ಅದರ ಬದಲಿಗೆ ಬಳಕೆಗೆ ಬಂದದ್ದು ಈ ಬಳ್ಳಿಯ ಕಾಂಡ. ಸಿಂಹಳೀಯರು ಇದನ್ನು ವೆನಿವೆಲ್ ಎಂದು ಕರೆದು, ನೆಗಡಿ-ಜ್ವರಕ್ಕೆ ಕೊತ್ತಂಬರಿ ಬೀಜದ ಜೊತೆ ಕಷಾಯ ಮಾಡಿ ಕುಡಿಯುತ್ತಾರೆ.

ಅಮೃತಬಳ್ಳಿಯೂ ಇದೇ ಕುಟುಂಬದ್ದು. ಆದರೆ ಅಮೃತಬಳ್ಳಿಯ ತುಂಡೊಂದನ್ನು ಬೇಲಿಗೆ ಸಿಕ್ಕಿಸಿದರೂ ಚಿಗುರುತ್ತದೆ. ಮರದರಿಶಿನಕ್ಕೆ ಆ ಚುರುಕುತನವಿಲ್ಲ. ಬೀಜ ಮೊಳೆಯಲು ತಿಂಗಳುಗಟ್ಟಲೆ ಬೇಕು. ಮೊದಲ ಹೂ ಬಿಡಲು ಸುಮಾರು 15 ವರ್ಷ. ಸಾಲದೆಂಬಂತೆ, ಗಂಡು ಹೂವಿನ ಬಳ್ಳಿ ಬೇರೆ, ಹೆಣ್ಣು ಹೂವಿನ ಬಳ್ಳಿ ಬೇರೆ. ಕಾಂಡ ಕಡಿಯುವವರು ಬುಡದಲ್ಲೇ ಕತ್ತರಿಸಿ ಎಳೆಯುತ್ತಾರೆ; ಮರದ ನೆತ್ತಿಗೆ ಹಬ್ಬಿದ ಭಾಗ ಹೂಕಾಯಿಗಳ ಸಮೇತ ಅಲ್ಲೇ ಒಣಗಿಹೋಗುತ್ತದೆ. ಒಂದು ಕಾಡಿನ ಹೆಣ್ಣು ಬಳ್ಳಿಗಳೆಲ್ಲ ಹೀಗೆ ಹೋದರೆ ಸಾಕು, ಉಳಿದ ಗಂಡು ಬಳ್ಳಿಗಳು ಎಷ್ಟೇ ಸೊಂಪಾಗಿ ಬೆಳೆದಿದ್ದರೂ ಆ ಕಾಡಿನಲ್ಲಿ ಮುಂದೆ ಒಂದು ಬೀಜವೂ ಬೀಳುವುದಿಲ್ಲ.

ಔಷಧಿ ಸಸ್ಯಗಳ ಸಂರಕ್ಷಣೆಗೆ ದುಡಿಯುವ ಬೆಂಗಳೂರಿನ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆಯ ಮುಂದಾಳತ್ವದಲ್ಲಿ ತಜ್ಞರು ನಡೆಸಿದ ಮೌಲ್ಯಮಾಪನದಲ್ಲಿ, ದಕ್ಷಿಣ ಭಾರತದ ಮಟ್ಟಿಗೆ ಈ ಬಳ್ಳಿಯನ್ನು ಅಳಿವಿನ ತೀವ್ರ ಅಪಾಯದಲ್ಲಿರುವ ಸಸ್ಯಗಳ ಸಾಲಿಗೆ ಸೇರಿಸಲಾಗಿದೆ. ಈ ವರ್ಗಕ್ಕೆ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಇಟ್ಟಿರುವ ಅಳತೆಗೋಲುಗಳಲ್ಲಿ ಒಂದು, ಹತ್ತು ವರ್ಷ ಅಥವಾ ಮೂರು ತಲೆಮಾರು, ಇವುಗಳಲ್ಲಿ ಯಾವುದು ದೀರ್ಘವೋ ಆ ಅವಧಿಯಲ್ಲಿ ಸಂಖ್ಯೆ ಶೇ. 80ರಷ್ಟು ಕುಸಿದಿರುವುದು. ಹೂ ಬಿಡಲೇ 15 ವರ್ಷ ತೆಗೆದುಕೊಳ್ಳುವ ಗಿಡದ ಮೂರು ತಲೆಮಾರೆಂದರೆ ಅರ್ಧ ಶತಮಾನಕ್ಕೆ ಹತ್ತಿರ. ಅಷ್ಟು ಹಿಂದೆ ಎಷ್ಟು ಬಳ್ಳಿಗಳಿದ್ದವು ಎಂದು ಯಾರು ಎಣಿಸಿದ್ದಾರೆ? ಆದ್ದರಿಂದ ಒಟ್ಟು ಸಂಖ್ಯೆಗಿಂತ ಕಾಯಿ ಬಿಡುವ ಹೆಣ್ಣು ಬಳ್ಳಿಗಳ ಲೆಕ್ಕವೇ ಮೊದಲು ಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಕಾಯಿಗಟ್ಟುವ ಕಾಲದಲ್ಲಿ ಅವನ್ನು ಹುಡುಕಿ ಗುರುತು ಹಾಕಿದರೆ, ಕಾವಲು ಎಲ್ಲಿ ಬೇಕೆಂಬುದು ಅರಣ್ಯ ಸಿಬ್ಬಂದಿಗೆ ತಿಳಿಯುತ್ತದೆ.

ಕಾಡಿನಿಂದ ತೆಗೆದ ಮರದರಿಶಿನವನ್ನು ರಫ್ತು ಮಾಡುವುದಕ್ಕೆ 1998ರಿಂದ ನಿಷೇಧವಿದೆ. ಒಳ್ಳೆಯದೇ. ಆದರೆ ರಫ್ತಿನ ನಿಷೇಧ ದೇಶದೊಳಗಿನ ಮಾರಾಟವನ್ನು ಮುಟ್ಟುವುದಿಲ್ಲ, ನಮ್ಮ ಔಷಧ ತಯಾರಕರಿಗೆ ಕಾಂಡ ಬೇಕೇ ಬೇಕು. ಬೆಳೆಸಿ ಕೊಡುವವರಿಲ್ಲದಿದ್ದರೆ ಅದು ಕಾಡಿನಿಂದಲೇ ಬರಬೇಕಾಗುತ್ತದೆ.

ಬೆಳೆಸುವುದೂ ಸುಲಭವಲ್ಲ. ನರ್ಸರಿಯ ಸಸಿಯನ್ನು ಬರಿಗಣ್ಣಿನಿಂದ ನೋಡಿ ಗಂಡೋ ಹೆಣ್ಣೋ ಹೇಳಲಾಗದು; ಹೂ ಬಿಡುವವರೆಗೆ ಕಾಯಬೇಕು. ಹಾಗಾಗಿ ಊರಿಗೊಂದು ಸಸಿ ಹಂಚಿ ಪ್ರಯೋಜನವಿಲ್ಲ. ಏರಲು ಎತ್ತರದ ಮರ, ಬುಡಕ್ಕೆ ನೆರಳು ಇರುವ ಕೊಡಗಿನ ದೇವರಕಾಡುಗಳಂಥ ಕಡೆ ಹತ್ತಿಪ್ಪತ್ತು ಸಸಿಗಳನ್ನು ಒಟ್ಟಿಗೆ ನೆಡಬೇಕು. ಆಗ ಗಂಡು ಹೆಣ್ಣು ಎರಡೂ ಒಂದೇ ಕಡೆ ಇರುವ ಸಾಧ್ಯತೆ ಹೆಚ್ಚುತ್ತದೆ.