ಮೊದಲು ಬೂಟು, ಆಮೇಲೆ ಫಿನ್

ತುಮಕೂರಿಗೆ ಕಡಲು ಬಹಳ ದೂರ. ಆದರೂ ಮಳೆಗಾಲ ಮುಗಿಯುತ್ತಿದ್ದಂತೆ ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗಿಗೆ ಹೊರಡುವ ಒಂದಷ್ಟು ಮಂದಿ ತರಬೇತಿಗೆಂದು ನನ್ನ ಬಳಿ ಬರುತ್ತಾರೆ. ಅವರಲ್ಲಿ ಹೆಚ್ಚಿನವರು ತೋಟದ ಬಾವಿಯಲ್ಲಿ ಬೆಂಡು ಕಟ್ಟಿಕೊಂಡು ಈಜು ಕಲಿತವರಾದ್ದರಿಂದ ನೀರಿನ ಭಯವಿರುವುದಿಲ್ಲ. ಅವರಿಗೆ ತೊಂದರೆ ಕೊಡುವುದು ಫಿನ್, ಅಂದರೆ ನೀರನ್ನು ಒದ್ದು ಮುಂದೆ ಸಾಗಲು ಕಾಲಿಗೆ ತೊಡುವ, ಮೀನಿನ ರೆಕ್ಕೆಯಂತೆ ಅಗಲವಾದ ಅಲಗು.

ಗುಬ್ಬಿ ಕಡೆಯ ತರುಣರೊಬ್ಬರು ತಮ್ಮ ಚಪ್ಪಲಿಯ ನಂಬರು 8 ಎಂದು ಅದೇ ಅಳತೆಯ, ಹಿಂದೆ ಪಟ್ಟಿ ಇರುವ ಫಿನ್ ಅನ್ನು ಆನ್‌ಲೈನ್‌ನಲ್ಲಿ ತರಿಸಿಕೊಂಡಿದ್ದರು. ಬರಿಗಾಲಿಗೆ ಅದು ಚೆನ್ನಾಗಿಯೇ ಕೂತಿತ್ತು. ಡೈವಿಂಗಿಗೆಂದೇ ಇರುವ, ನಿಯೋಪ್ರೀನ್ ಎಂಬ ಮೆತ್ತನೆಯ ರಬ್ಬರಿನ 5 ಮಿ.ಮೀ. ದಪ್ಪದ ಬೂಟು ತೊಟ್ಟು ತೂರಿಸಿದಾಗ ಪಾದ ಅರ್ಧಕ್ಕೇ ನಿಂತಿತು; ಅವರು ಒತ್ತಿ ಒತ್ತಿ ಸೇರಿಸಿದರು. ಈಜುಕೊಳದಲ್ಲಿ ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ಅಂಗಾಲು ಜೋಮು ಹಿಡಿದು, ಮೀನಖಂಡ ಕಲ್ಲಿನಂತೆ ಬಿಗಿದುಕೊಂಡಿತು. ಬೂಟು ಬಿಚ್ಚಿ ನೋಡಿದರೆ ಕಿರುಬೆರಳಿನ ಬುಡದಿಂದ ಪಾದದ ಮೇಲ್ಭಾಗದವರೆಗೆ ರಬ್ಬರಿನ ಅಂಚು ಒತ್ತಿದ ಕೆಂಪು ಗೆರೆ ಮೂಡಿತ್ತು. ಕೊಳದಲ್ಲಾದರೆ ಗೋಡೆ ಹಿಡಿದು ನಿಲ್ಲಬಹುದು, ಸೆಳೆತವಿರುವ ಕಡಲಿನಲ್ಲಿ ಹಿಡಿಯಲು ಏನೂ ಇರುವುದಿಲ್ಲ.

ಫಿನ್‌ಗಳಲ್ಲಿ ಎರಡು ಬಗೆ. ಹಿಮ್ಮಡಿಯೂ ಮುಚ್ಚುವಂಥದ್ದು ಬರಿಗಾಲಿಗೆ ಅಥವಾ ತೆಳುವಾದ ಸಾಕ್ಸಿಗೆ ಮಾತ್ರ. ಒಂದು ಸೈಜು ದೊಡ್ಡದು ಕೊಂಡು ಅದರೊಳಗೆ ಬೂಟು ತೂರಿಸುವ ಪ್ರಯತ್ನ ಬೇಡ. ಬೂಟಿನ ಜೊತೆ ಬಳಸುವುದು ಹಿಮ್ಮಡಿ ತೆರೆದಿದ್ದು ಹಿಂದೆ ಪಟ್ಟಿ ಇರುವ ಬಗೆ. ಇದನ್ನು ಕೊಳ್ಳುವಾಗ ಪಾದದ ಅಳತೆಯನ್ನಲ್ಲ, ಬೂಟಿನ ಹೊರಗಿನ ಅಳತೆಯನ್ನು ಹಿಡಿಯಬೇಕು. ಆದ್ದರಿಂದಲೇ ಬೂಟು ಕೈಗೆ ಬರುವ ಮೊದಲು ಫಿನ್ ಕೊಳ್ಳಬೇಡಿ ಎಂದು ಎಲ್ಲರಿಗೂ ಹೇಳುತ್ತೇನೆ.

ಬೂಟಿನ ಅಳತೆಗೆ ಸಂಜೆ ಹೊತ್ತು, ಪಾದ ತುಸು ಊದಿಕೊಂಡಿರುವಾಗ, ಕಾಗದದ ಮೇಲೆ ಪೂರ್ತಿ ಭಾರ ಬಿಟ್ಟು ನಿಂತು ಗೆರೆ ಎಳೆಸಿಕೊಳ್ಳಿ. ಉದ್ದದ ಜೊತೆಗೆ ಅಗಲವನ್ನೂ ಅಳೆಯಿರಿ, ಏಕೆಂದರೆ ಬರಿಗಾಲಲ್ಲಿ ನಡೆದು ಬೆಳೆದ ನಮ್ಮ ಹಳ್ಳಿಗಳ ಕಡೆಯವರಲ್ಲಿ ಬೆರಳುಗಳು ಹರಡಿಕೊಂಡು ಮುಂಗಾಲು ಅಗಲವಾಗಿರುವುದು ಸಾಮಾನ್ಯ, ಕಂಪನಿಗಳ ಪಟ್ಟಿಗಳು ಮಾತ್ರ ಹೆಚ್ಚಾಗಿ ಉದ್ದವನ್ನಷ್ಟೇ ಹೇಳುತ್ತವೆ. ನಮ್ಮ ಅಂಗಡಿಗಳ 8ನೇ ನಂಬರು ಯುರೋಪಿನ ಲೆಕ್ಕದಲ್ಲಿ ಸುಮಾರು 42 ಆಗುತ್ತದೆ. ನಂಬರಿಗಿಂತ ಸೆಂಟಿಮೀಟರನ್ನು ನಂಬುವುದು ಲೇಸು. ನೇತ್ರಾಣಿಯ ಬೆಚ್ಚನೆಯ ನೀರಿಗೆ 3 ಮಿ.ಮೀ. ಬೂಟು ಸಾಕು. ಬೂಟು ಪಾದವನ್ನು ಎಲ್ಲ ಕಡೆಯೂ ಅಪ್ಪಿಕೊಂಡಿರಬೇಕು, ಆದರೆ ಬೆರಳು ಮಡಚಬಾರದು.

ಅಡಿಯ ದಪ್ಪವನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ಬಂಡೆಯ ಮೇಲೆ ನಡೆಯಲು ಅನುಕೂಲವಾದ ಗಟ್ಟಿ ರಬ್ಬರಿನ ಅಡಿ ಬೂಟಿನ ಎತ್ತರವನ್ನೂ ಅಗಲವನ್ನೂ ಹೆಚ್ಚಿಸುತ್ತದೆ. ಒಂದೇ ನಂಬರಿನ ಎರಡು ಬೂಟುಗಳಲ್ಲಿ ಮೆತ್ತನೆಯ ಅಡಿಯದ್ದು ಮಧ್ಯಮ ಫಿನ್‌ನಲ್ಲಿ ಸಲೀಸಾಗಿ ಕೂತರೆ, ಗಟ್ಟಿ ಅಡಿಯದ್ದಕ್ಕೆ ದೊಡ್ಡ ಫಿನ್ ಬೇಕಾಗುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಮಧ್ಯಮ, ದೊಡ್ಡದು ಎಂಬ ಹೆಸರುಗಳೂ ಕಂಪನಿಯಿಂದ ಕಂಪನಿಗೆ ಬದಲಾಗುತ್ತವೆ.

ಫಿನ್ ಸರಿಯಾಗಿ ಕೂತಿದೆಯೇ ಎಂದು ನೋಡಲು ಬೂಟನ್ನು ನೆನೆಸಿಯೇ ತೊಡಬೇಕು. ಒಣ ಬೂಟು ರಬ್ಬರಿಗೆ ಅಂಟಿಕೊಂಡು ಜಾರುವುದಿಲ್ಲವಾದ್ದರಿಂದ ಸರಿಯಾದ ಫಿನ್ ಕೂಡ ಚಿಕ್ಕದೆಂಬಂತೆ ಕಾಣುತ್ತದೆ. ಪಾದ ಹೆಚ್ಚು ಒತ್ತಾಯವಿಲ್ಲದೆ ಒಳಗೆ ಹೋಗಿ, ಫಿನ್‌ನ ಬಾಯಿ ಪಾದದ ಮೇಲಿನ ಉಬ್ಬಿನವರೆಗೆ ಬರಬೇಕು. ಹಿಮ್ಮಡಿ ತುಸು ಹೊರಗುಳಿಯುವುದು ಸಹಜ. ಕಾಲೆತ್ತಿ ಪಾದವನ್ನು ಅಡ್ಡಡ್ಡ ಅಲ್ಲಾಡಿಸಿದಾಗ ಅಲಗು ಪಾದದ ಜೊತೆಗೇ ತಿರುಗಬೇಕು. ತಡವಾಗಿ ಹಿಂಬಾಲಿಸಿದರೆ ಫಿನ್ ದೊಡ್ಡದಾಯಿತೆಂದೇ ಅರ್ಥ. ಹಾಗಾದಾಗ ಒದ್ದ ಬಲ ಪೂರ್ತಿಯಾಗಿ ನೀರಿಗೆ ಸೇರುವುದಿಲ್ಲ, ಉಜ್ಜಿ ಉಜ್ಜಿ ಬೊಬ್ಬೆಯೂ ಏಳುತ್ತದೆ. ಎರಡು ಸೈಜುಗಳ ನಡುವೆ ಸಿಕ್ಕಿಕೊಂಡರೆ ನಾನು ದೊಡ್ಡದನ್ನೇ ಆರಿಸುತ್ತೇನೆ, ಏಕೆಂದರೆ ಉದ್ದದ ಸ್ವಲ್ಪ ಸಡಿಲವನ್ನು ಪಟ್ಟಿ ಹಿಡಿದುಕೊಳ್ಳುತ್ತದೆ, ಇಕ್ಕಟ್ಟಾದ ಬಾಯಿಯನ್ನು ಹಿಗ್ಗಿಸುವ ಉಪಾಯ ಯಾವುದೂ ಇಲ್ಲ. ಅಡ್ಡಡ್ಡ ಅಲ್ಲಾಡುವ ಫಿನ್‌ಗೆ ಮಾತ್ರ ಪಟ್ಟಿಯಿಂದ ಪರಿಹಾರವಿಲ್ಲ.

ಆಳದ ಲೆಕ್ಕವೊಂದು ಉಳಿಯಿತು. ಬೂಟಿನ ನಿಯೋಪ್ರೀನ್ ಒಳಗೆ ಸಣ್ಣ ಸಣ್ಣ ಅನಿಲದ ಗುಳ್ಳೆಗಳಿರುತ್ತವೆ. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು, 20 ಮೀಟರಿನಲ್ಲಿ ಮೂರರಷ್ಟಾಗಿ ಆ ಗುಳ್ಳೆಗಳು ಕುಗ್ಗುವುದರಿಂದ ಬೂಟು ತೆಳುವಾಗುತ್ತದೆ, ದೋಣಿಯಲ್ಲಿ ಬಿಗಿಯಾಗಿದ್ದ ರಬ್ಬರ್ ಪಟ್ಟಿ ಸಡಿಲವಾಗುತ್ತದೆ. ಸ್ಟೀಲ್ ಸ್ಪ್ರಿಂಗಿನ ಪಟ್ಟಿ ತಾನಾಗಿಯೇ ಎಳೆದುಕೊಂಡು ಈ ಸಡಿಲವನ್ನು ತುಂಬುತ್ತದೆ. ಬೆಲೆ ಹೆಚ್ಚಾದರೂ ನನ್ನ ಶಿಷ್ಯರಿಗೆ ಅದನ್ನೇ ಸೂಚಿಸುತ್ತೇನೆ.

ಆನ್‌ಲೈನ್‌ನಲ್ಲಿ ತರಿಸಿದವರು ವಾಪಸಾತಿಯ ಗಡುವಿನೊಳಗೆ ಮನೆಯಲ್ಲೇ ಪರೀಕ್ಷಿಸಬಹುದು. ಲೇಬಲ್ ಕೀಳದೆ, ನೆನೆಸಿದ ಬೂಟಿನೊಂದಿಗೆ ಫಿನ್ ತೊಟ್ಟು, ಮಂಚದ ಅಂಚಿನಲ್ಲಿ ಕುಳಿತು ಹದಿನೈದು ನಿಮಿಷ ಕಾಲುಗಳನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸಿ. ನಡೆದು ನೋಡಬೇಡಿ, ಮುಗ್ಗರಿಸುತ್ತೀರಿ. ಬಿಚ್ಚಿದ ಮೇಲೆ ಪಾದದ ಮೇಲೆ, ಕಿರುಬೆರಳಿನ ಬುಡದಲ್ಲಿ ಕೈಯಾಡಿಸಿ. ಅಲ್ಲಿ ಗೆರೆ ಬಿದ್ದಿದ್ದರೆ ಅದೇ ದಿನ ಹಿಂದಿರುಗಿಸಿ. ಗುಬ್ಬಿಯ ತರುಣರು ಎರಡನೇ ಸಲ ಹೀಗೆಯೇ ಮಾಡಿ ಒಂದು ಸೈಜು ದೊಡ್ಡದನ್ನು ತರಿಸಿಕೊಂಡರು, ಆ ಡಿಸೆಂಬರಿನಲ್ಲಿ ನೇತ್ರಾಣಿಯಲ್ಲಿ ಎರಡು ಡೈವ್ ಮುಗಿಸಿ ದೋಣಿ ಹತ್ತಿದಾಗ ಅವರ ಮೀನಖಂಡ ಮೆತ್ತಗೇ ಇತ್ತು.