ಗ್ಯಾಡೋಲಿನಿಯಂ ಲೈಪೊಸೋಮಿನ ಒಳಗಿರಬೇಕೋ, ಮೈಮೇಲಿರಬೇಕೋ?

ಧಾರವಾಡದಲ್ಲಿ ಎಂ.ಎಸ್ಸಿ. ರಸಾಯನಶಾಸ್ತ್ರ ಓದುತ್ತಿರುವ ಗೆಳೆಯರಿಗಾಗಿ ಈ ಟಿಪ್ಪಣಿ. ಎಂಆರ್‌ಐ ಚಿತ್ರದಲ್ಲಿ ಬೇಕಾದ ಜಾಗ ಎದ್ದು ಕಾಣಲೆಂದು ಕೊಡುವ ಕಾಂಟ್ರಾಸ್ಟ್ ಮದ್ದಿನಲ್ಲಿರುವ ಲೋಹ ಗ್ಯಾಡೋಲಿನಿಯಂ. ಲಿಪಿಡ್ ಅಂದರೆ ಕೊಬ್ಬಿನಂಥ ಅಣು, ಲಿಪಿಡ್ ಪೊರೆಯ ಪುಟ್ಟ ಟೊಳ್ಳು ಗೋಳವೇ ಲೈಪೊಸೋಮ್. ಗ್ಯಾಡೋಲಿನಿಯಂಗೆ ಲಿಪಿಡ್ ಬಾಲ ಯಾಕೆ ಕಟ್ಟಬೇಕು, ಲೈಪೊಸೋಮಿನ ಹೊಟ್ಟೆಗೆ ತುಂಬಿದರೆ ಸಾಲದೇ ಅನ್ನುವುದು ಎಲ್ಲರಿಗೂ ಬರುವ ಪ್ರಶ್ನೆ.

ಎಂಆರ್‌ಐ ನೋಡುವುದು ನೀರಿನ ಪ್ರೋಟಾನ್‌ಗಳನ್ನು. ಗ್ಯಾಡೋಲಿನಿಯಂ ಅಯಾನಿನಲ್ಲಿ ಜೋಡಿಯಾಗದ 7 ಎಲೆಕ್ಟ್ರಾನ್‌ಗಳಿವೆ. ಅದನ್ನು ಮುಟ್ಟಿದ ನೀರಿನ ಟಿ1 ಅವಧಿ (ಪ್ರೋಟಾನ್‌ಗಳು ಮೊದಲಿನ ಸ್ಥಿತಿಗೆ ಮರಳಲು ಹಿಡಿಯುವ ಸಮಯ) ಕಡಿಮೆಯಾಗಿ, ಚಿತ್ರದಲ್ಲಿ ಆ ಜಾಗ ಬೆಳ್ಳಗೆ ಕಾಣುತ್ತದೆ. ಆದರೆ ಬರೀ ಅಯಾನು ವಿಷ. ಗಾತ್ರದಲ್ಲಿ ಕ್ಯಾಲ್ಸಿಯಂಗೆ ಹತ್ತಿರ ಇರುವುದರಿಂದ ಕ್ಯಾಲ್ಸಿಯಂ ಓಡಾಡುವ ದಾರಿಗಳನ್ನೇ ಕಟ್ಟಿಬಿಡುತ್ತದೆ. ಅದಕ್ಕೇ ಡಿಟಿಪಿಎ, ಡೋಟಾದಂಥ ಕೀಲೇಟುಗಳು (ಲೋಹವನ್ನು ಸುತ್ತುವರಿದು ಹಿಡಿಯುವ ಅಣುಗಳು) ಅದನ್ನು 8 ಕಡೆಯಿಂದ ಹಿಡಿದಿಡುತ್ತವೆ. 9ನೇ ಜಾಗ ನೀರಿನ ಒಂದು ಅಣುವಿಗೆ. ಆ ಅಣು ಬಂದು ಹೋಗುತ್ತಲೇ ಇರಬೇಕು. ಇಡೀ ಕೆಲಸ ನಿಂತಿರುವುದು ಇದರ ಮೇಲೆ.

ಈಗ ಹೊಟ್ಟೆಗೆ ತುಂಬಿದ್ದೀರಿ ಅಂದುಕೊಳ್ಳಿ. ಹೊರಗಿನ ನೀರು ಪೊರೆ ದಾಟಿ ಒಳಗೆ ಬರಬೇಕು, ಮತ್ತೆ ಹೊರಗೆ ಹೋಗಬೇಕು. ಅದು ನಿಧಾನ, ಹಾಗಾಗಿ ಹೊಳಪು ಕಡಿಮೆ. (ಇದರಿಂದಲೂ ಉಪಯೋಗವಿದೆ. ಡಿಪಿಪಿಸಿ ಎಂಬ ಲಿಪಿಡ್‌ನ ಪೊರೆ ಸುಮಾರು 41 ಡಿಗ್ರಿಗೆ ಸಡಿಲಾಗುತ್ತದೆ, ಒಳಗಿದ್ದದ್ದು ಸೋರಿ ಆ ಜಾಗ ತಟ್ಟನೆ ಬೆಳಗುತ್ತದೆ.)

ಬಾಲ ಕಟ್ಟಿದರೆ ಕೀಲೇಟು ಪೊರೆಯ ಮೇಲೇ ಕೂರುತ್ತದೆ, ನೀರು ಸಲೀಸಾಗಿ ಸಿಗುತ್ತದೆ. ದೊಡ್ಡ ಗೋಳಕ್ಕೆ ಅಂಟಿದ ಕೀಲೇಟು ಗರಗರ ತಿರುಗುವುದಿಲ್ಲ. ತಿರುಗಾಟ ನಿಧಾನವಾದಷ್ಟೂ ಪ್ರಭಾವ ಜಾಸ್ತಿ. 1.5 ಟೆಸ್ಲಾ ಕಾಂತಬಲದ ಎಂಆರ್‌ಐ ಯಂತ್ರದಲ್ಲಿ ಈ ಲಾಭ ಚೆನ್ನಾಗಿ ಸಿಗುತ್ತದೆ, ಇನ್ನೂ ಬಲವಾದ ಯಂತ್ರಗಳಲ್ಲಿ ಇಳಿಯುತ್ತದೆ.

ಎಲ್ಲ ಬಾಲವೂ ಒಂದೇ ಅಲ್ಲ. ಡಿಟಿಪಿಎಗೆ ಎರಡು ಸ್ಟಿಯರಿಲ್ ಸರಪಳಿ (ಉದ್ದನೆಯ ಕೊಬ್ಬಿನ ಬಾಲ) ಜೋಡಿಸುವಾಗ ಅದರ ಎರಡು ಆಮ್ಲದ ತುದಿಗಳು ಅಮೈಡ್ ಆಗುತ್ತವೆ. ಆಗ ನೀರಿನ ಬರೋಣ ಹೋಗೋಣ ನಿಧಾನವಾಗುತ್ತದೆ, ಲೋಹದ ಮೇಲಿನ ಹಿಡಿತವೂ ಸಡಿಲು. ನನಗಂತೂ ಡಿಎಸ್‌ಪಿಇ ಲಿಪಿಡ್‌ಗೆ ಕಟ್ಟಿದ ಡೋಟಾನೇ ಮೇಲು. ಇನ್ನೊಂದು ವಿಷಯ: ಲಿಪಿಡ್‌ಗಳನ್ನೆಲ್ಲ ಮೊದಲೇ ಬೆರೆಸಿ ಮಾಡಿದರೆ ಹೆಚ್ಚುಕಡಿಮೆ ಅರ್ಧದಷ್ಟು ಗ್ಯಾಡೋಲಿನಿಯಂ ಪೊರೆಯ ಒಳಮುಖಕ್ಕೇ ಹೋಗುತ್ತದೆ.

ಕಷ್ಟ ಇರುವುದು ಅದು ಮೈಯಿಂದ ಹೊರಹೋಗುವುದರಲ್ಲಿ. ಸಣ್ಣ ಕೀಲೇಟು ಮೂತ್ರದಲ್ಲಿ ಹೋಗುತ್ತದೆ. ಹುಬ್ಬಳ್ಳಿಯ ಸ್ಕ್ಯಾನಿಂಗ್ ಸೆಂಟರ್‌ಗಳಲ್ಲಿ ಕಾಂಟ್ರಾಸ್ಟ್ ಕೊಡುವ ಮುಂಚೆ ಕಿಡ್ನಿ ಹೇಗಿದೆ ಎಂದು ತೋರಿಸುವ ಕ್ರಿಯಾಟಿನಿನ್ ರಿಪೋರ್ಟ್ ಕೇಳುವುದೂ ಇದಕ್ಕೇ. 2006ರಲ್ಲಿ, ಕಿಡ್ನಿ ಕೆಟ್ಟವರ ಚರ್ಮ ಗಟ್ಟಿಯಾಗುವ ಎನ್‌ಎಸ್‌ಎಫ್ ಕಾಯಿಲೆಗೂ ಗ್ಯಾಡೋಲಿನಿಯಂಗೂ ನಂಟು ಕಂಡಿತು. 100 ನ್ಯಾನೋಮೀಟರ್ ಲೈಪೊಸೋಮ್ ಕಿಡ್ನಿಯಲ್ಲಿ ಸೋಸಿ ಹೋಗುವುದಿಲ್ಲ. ಲಿವರ್, ಗುಲ್ಮಗಳ ಜೀವಕೋಶಗಳು ಅದನ್ನು ನುಂಗಿ ಇಟ್ಟುಕೊಳ್ಳುತ್ತವೆ. ಅದಕ್ಕೇ ಬಾಲಕ್ಕೂ ಕೀಲೇಟಿಗೂ ನಡುವೆ ಮೈಯೊಳಗೇ ಕಡಿಯುವ ಡೈಸಲ್ಫೈಡ್ ಕೊಂಡಿ ಹಾಕಿ ನೋಡಿದ್ದಾರೆ. ಕೊಂಡಿ ಕಡಿದರೆ ಕೀಲೇಟು ಮತ್ತೆ ಸಣ್ಣದಾಗಿ ಕಿಡ್ನಿಯ ದಾರಿ ಹಿಡಿಯಬಹುದು.